ಸುಳ್ಯದ ವರ್ಕ್‌ಶಾಪಿನಿಂದ ಹೊಳೆಯಾಚೆಗೆ: ಒಂದು ತೂಗುಸೇತುವೆ ಉದ್ಯಮದ ಕಥೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಎಂಜಿನಿಯರಿಂಗ್ ಗುತ್ತಿಗೆ ಎಂಬುದು ಬಹುಮಟ್ಟಿಗೆ ಮನೆತನದ ಕಸುಬು. ಪೇಟೆಯ ಅಂಚಿನಲ್ಲಿ ತಗಡಿನ ಮಾಡು, ಅದರ ಕೆಳಗೆ ಒಂದು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ವೆಲ್ಡಿಂಗ್ ಸೆಟ್, ಗೋಡೆಗೆ ಒರಗಿಸಿದ ಆ್ಯಂಗಲ್ ಪಟ್ಟಿಗಳು. ಒಳಗೆ ಯಜಮಾನ, ಅವರ ಮಗ ಅಥವಾ ತಮ್ಮ, ನಾಲ್ಕಾರು ಮಂದಿ ಕೆಲಸಗಾರರು. ಅಡಿಕೆ ತೋಟದ ಪಂಪ್‌ಸೆಟ್ಟು ಕೆಟ್ಟರೆ, ಮೋಟಾರಿನ ವೈಂಡಿಂಗ್ ಸುಟ್ಟರೆ, ಔಷಧಿ ಸಿಂಪಡಿಸುವ ಯಂತ್ರದ ಪಿಸ್ಟನ್ ಸವೆದರೆ ಕೃಷಿಕ ಬರುವುದು ಇಲ್ಲಿಗೆ. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕಲೇಟು ಕಾರ್ಖಾನೆ ಆರಂಭವಾಗುವ ಮೊದಲು ಈ ಭಾಗದಲ್ಲಿ ಹೇಳಿಕೊಳ್ಳುವಂತಹ ದೊಡ್ಡ ಕಾರ್ಖಾನೆ ಇರಲಿಲ್ಲ. ಹಾಗಾಗಿ ಯಂತ್ರವಿದ್ಯೆ ಬೆಳೆದದ್ದು ಇಂಥ ಸಣ್ಣ ವರ್ಕ್‌ಶಾಪುಗಳಲ್ಲಿಯೇ.

ಇವುಗಳ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಬಿಲ್ಲು ಪುಸ್ತಕ ತುಂಬಿದರೆ ರದ್ದಿಗೆ ಹೋಗುತ್ತದೆ, ಯಜಮಾನರು ತೀರಿಕೊಂಡರೆ ನೆನಪೂ ಹೋಗುತ್ತದೆ. ಆದರೆ ಇದೇ ಬಗೆಯ ಒಂದು ವರ್ಕ್‌ಶಾಪಿನ ಕೆಲಸ ಮಾತ್ರ ಊರಿನ ಗಡಿ ದಾಟಿ ಹಲವು ರಾಜ್ಯಗಳಿಗೆ ಹಬ್ಬಿತು. ಸುಳ್ಯದ ಮೆಕ್ಯಾನಿಕಲ್ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅವರಿಗೆ 2017ರಲ್ಲಿ ಕೇಂದ್ರ ಸರಕಾರ ಪದ್ಮಶ್ರೀ ಘೋಷಿಸಿದಾಗ ಅವರ ಹೆಸರಿನೊಂದಿಗೆ ಕೇಳಿಬಂದದ್ದು ‘ಅಯಸ್ ಶಿಲ್ಪ’ ಎಂಬ ಸಂಸ್ಥೆಯ ಹೆಸರು. ಅಯಸ್ ಎಂದರೆ ಸಂಸ್ಕೃತದಲ್ಲಿ ಕಬ್ಬಿಣ. ಆ ಹೊತ್ತಿಗೆ ಅವರು ಕಟ್ಟಿದ ತೂಗುಸೇತುವೆಗಳ ಸಂಖ್ಯೆ 120ನ್ನು ದಾಟಿತ್ತು. ಪತ್ರಿಕೆಗಳು ಅವರನ್ನು ‘ತೂಗುಸೇತುವೆಗಳ ಸರದಾರ’ ಎಂದು ಕರೆದವು.

ಬಿರುದಿನ ಹಿಂದೆ ಇರುವ ಪ್ರಶ್ನೆ ಬೇರೆಯದು. ಸೇತುವೆ ಕಟ್ಟುವುದು ಸಿವಿಲ್ ಎಂಜಿನಿಯರುಗಳ ಕೆಲಸ. ಅದಕ್ಕೆಂದೇ ಸರಕಾರದ ಇಲಾಖೆಗಳಿವೆ. ಹಾಗಿರುವಾಗ ತಾಲೂಕು ಕೇಂದ್ರವೊಂದರ ಮೆಕ್ಯಾನಿಕಲ್ ವರ್ಕ್‌ಶಾಪು ಆ ಕೆಲಸಕ್ಕೆ ಇಳಿದದ್ದು ಹೇಗೆ? ಅದು ಅಗ್ಗವಾಗಿ ಕಟ್ಟಿಕೊಟ್ಟ ಸೇತುವೆಗಳನ್ನು ಮುಂದೆ ನೋಡಿಕೊಳ್ಳಬೇಕಾದವರು ಯಾರು?

ಆರು ತಿಂಗಳ ದ್ವೀಪಗಳು

ಉತ್ತರ ಹೊಳೆಯಲ್ಲಿದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಹೋಗುತ್ತದೆ. ಘಟ್ಟದ ಬುಡದ ತಾಲೂಕುಗಳಲ್ಲಿ ಈ ನೀರು ಕಿರಿದಾದ, ಕಡಿದಾದ ಪಾತ್ರಗಳಲ್ಲಿ ಇಳಿಯುತ್ತದೆ. ಕೊಡಗಿನ ಬೆಟ್ಟಗಳಿಂದ ಬರುವ ಪಯಸ್ವಿನಿ ಸಂಪಾಜೆ, ಅರಂತೋಡು, ಸುಳ್ಯ, ಜಾಲ್ಸೂರುಗಳ ಬದಿಯಲ್ಲಿ ಹರಿದು ಕಾಸರಗೋಡಿನಲ್ಲಿ ಚಂದ್ರಗಿರಿ ಎಂಬ ಹೆಸರಿನಿಂದ ಕಡಲು ಸೇರುತ್ತದೆ. ಪುಷ್ಪಗಿರಿಯ ಕುಮಾರಧಾರೆ ಸುಬ್ರಹ್ಮಣ್ಯದ ಮೂಲಕ ಬಂದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಹಾರಿ ದಾಟಬಹುದಾದ ಹೊಳೆ ಆಷಾಢದಲ್ಲಿ ಒಂದೇ ರಾತ್ರಿಯಲ್ಲಿ ಹಲವು ಮೀಟರು ಏರಬಲ್ಲದು.

ಈ ಭಾಗದ ಜನವಸತಿಯ ಕ್ರಮವೂ ಗಮನಿಸತಕ್ಕದ್ದು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒಂದೆಡೆ ಗುಂಪುಗೂಡಿಲ್ಲ. ತೋಟದ ನಡುವೆ ಒಂದು ಮನೆ, ಗುಡ್ಡದಾಚೆ ಇನ್ನೊಂದು. ಹೊಳೆಯ ಆಚೆ ದಡದಲ್ಲಿ ಮೂವತ್ತು ಮನೆಗಳಿದ್ದರೆ ಅವುಗಳಿಗಾಗಿ ಲಾರಿ ಓಡಾಡುವ ಕಾಂಕ್ರೀಟು ಸೇತುವೆ ಕಟ್ಟಲು ಸರಕಾರದ ಲೆಕ್ಕಾಚಾರ ಒಪ್ಪುವುದಿಲ್ಲ. ಹಾಗಾಗಿ ಜನ ತಮ್ಮ ವ್ಯವಸ್ಥೆಯನ್ನು ತಾವೇ ಮಾಡಿಕೊಂಡಿದ್ದರು. ದೊಡ್ಡ ಹೊಳೆಗೆ ದೋಣಿ ಕಡವು, ಸಣ್ಣ ತೋಡಿಗೆ ಅಡಿಕೆ ಮರ ಅಡ್ಡ ಹಾಕಿದ ಸಂಕ. ಇದನ್ನೇ ಕೆಲವೆಡೆ ಪಾಲ ಎನ್ನುತ್ತಾರೆ. ಪ್ರತಿ ಮಳೆಗಾಲಕ್ಕೂ ಮುನ್ನ ಅದನ್ನು ಹೊಸದಾಗಿ ಕಟ್ಟಬೇಕು, ಪ್ರತಿ ಮಳೆಗಾಲದಲ್ಲಿಯೂ ಅದು ಒಮ್ಮೆಯಾದರೂ ಕೊಚ್ಚಿಹೋಗುತ್ತದೆ. ಮುಖ್ಯ ರಸ್ತೆಗಳ ಸ್ಥಿತಿಯೂ ಬಹುಕಾಲ ಇದಕ್ಕಿಂತ ಬಹಳ ಉತ್ತಮವಾಗಿರಲಿಲ್ಲ. ಉಪ್ಪಿನಂಗಡಿಯಿಂದ ಕಡಬದ ಮೂಲಕ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ಹೊಸ್ಮಠದಲ್ಲಿ, ಎತ್ತರದ ಹೊಸ ಸೇತುವೆ ಬರುವವರೆಗೆ, ಹಳೆಯ ಮುಳುಗು ಸೇತುವೆಯ ಮೇಲೆ ನೀರು ಬಂದಾಗಲೆಲ್ಲ ಬಸ್ಸುಗಳು ಎರಡೂ ಬದಿಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು.

ಸಂಕದ ಅಪಾಯ ಹಳೆಯ ಕಾಲದ ಮಾತಲ್ಲ. 2022ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೇ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ಪ್ರಾಣ ಕಳೆದುಕೊಂಡಳು. ಆ ಬಳಿಕವೇ ಕರಾವಳಿಯ ಕಾಲುಸಂಕಗಳ ವಿಷಯ ಆಡಳಿತದ ಮಟ್ಟದಲ್ಲಿ ಗಂಭೀರವಾಗಿ ಚರ್ಚೆಗೆ ಬಂದದ್ದು.

ಲೇತ್‌ನಿಂದ ಕಂಬಕ್ಕೆ

ಭಾರದ್ವಾಜ್ ಅವರು ಸುಳ್ಯದಲ್ಲಿ ಜನಿಸಿದ್ದು 1950ರಲ್ಲಿ. ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಿಂದ 1973ರಲ್ಲಿ ಮೆಕ್ಯಾನಿಕಲ್ ಪದವಿ ಪಡೆದರು. ಆ ಕಾಲದ ಎಂಜಿನಿಯರಿಂಗ್ ಪದವೀಧರನಿಗೆ ಮುಂಬಯಿ, ಬೆಂಗಳೂರುಗಳ ದಾರಿ ಸಹಜವಾಗಿತ್ತು. ಅವರು ಊರಿಗೆ ಮರಳಿ ವರ್ಕ್‌ಶಾಪು ತೆರೆದರು. ಸುಳ್ಯದಲ್ಲಿ ಕೆವಿಜಿ ಎಂಜಿನಿಯರಿಂಗ್ ಕಾಲೇಜು ಬಂದದ್ದು 1986ರಲ್ಲಿ. ಅದಕ್ಕೂ ಒಂದು ದಶಕ ಮೊದಲು ಈ ಪೇಟೆಯಲ್ಲಿ ಎಂಜಿನಿಯರಿಂಗ್ ಕಲಿತವರೊಬ್ಬರು ಅಂಗಡಿ ಹಾಕಿ ಕುಳಿತದ್ದು ಆಗಿನ ಮಟ್ಟಿಗೆ ಅಪರೂಪದ ಸಂಗತಿಯೇ.

1989ರಲ್ಲಿ ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯ ಬದಿಯ ಅರಂಬೂರಿನವರು ಪಯಸ್ವಿನಿಗೆ ಅಡ್ಡಲಾಗಿ ಒಂದು ಸೇತುವೆ ಕಟ್ಟಿಕೊಡುವಂತೆ ಅವರನ್ನು ಕೇಳಿದರು. ಅವರು ಓದಿದ್ದು ಮೆಕ್ಯಾನಿಕಲ್, ಸಿವಿಲ್ ಅಲ್ಲ. ಆದರೆ ಊರಿನವರ ದೃಷ್ಟಿಯಲ್ಲಿ ಈ ವ್ಯತ್ಯಾಸಕ್ಕೆ ಹೆಚ್ಚಿನ ಅರ್ಥವಿರಲಿಲ್ಲ. ಎಂಜಿನಿಯರ್ ಎಂದರೆ ಎಂಜಿನಿಯರ್. ಊರಿನವರು ಕೈಜೋಡಿಸಿ ದುಡಿದರು, ವರ್ಕ್‌ಶಾಪಿನಲ್ಲಿ ಬಿಡಿಭಾಗಗಳು ಸಿದ್ಧವಾದವು, ಅರಂಬೂರಿನಲ್ಲಿ ಮೊದಲ ತೂಗುಸೇತುವೆ ನಿಂತಿತು.

ಹಾಗೆ ನೋಡಿದರೆ ಊರಿನವರ ತರ್ಕ ಅಷ್ಟೇನೂ ತಪ್ಪಾಗಿರಲಿಲ್ಲ. ಕಾಂಕ್ರೀಟು ಸೇತುವೆ ಕಟ್ಟುವುದು ಅಚ್ಚು ಕಟ್ಟಿ ಎರಕ ಹೊಯ್ಯುವ ಕೆಲಸ. ತೂಗುಸೇತುವೆ ಹಾಗಲ್ಲ, ಅದು ಬಹುಪಾಲು ಬಿಡಿಭಾಗಗಳ ಜೋಡಣೆ. ಕತ್ತರಿಸುವುದು, ತೂತು ಕೊರೆಯುವುದು, ಮರೆ ಹಾಕುವುದು, ಬೆಸೆಯುವುದು, ನಟ್ಟು ಬಿಗಿಯುವುದು. ಇವೆಲ್ಲ ಗೇಟು ಮತ್ತು ಪಂಪಿನ ಕೆಲಸ ಮಾಡುವ ಕೈಗಳಿಗೆ ಪರಿಚಿತವಾದುವೇ. ಸಿವಿಲ್ ಕೆಲಸ ಎರಡೂ ದಡಗಳ ಅಡಿಪಾಯದಲ್ಲಿ ಮುಗಿಯುತ್ತದೆ. ಋತುಮಾನವೂ ವರ್ಕ್‌ಶಾಪಿಗೆ ಒಗ್ಗುವಂಥದು. ಮಳೆಗಾಲದಲ್ಲಿ ಹೊಳೆಯ ಬಳಿ ಏನನ್ನೂ ಮಾಡಲಾಗದು, ಆದರೆ ಮಾಡಿನ ಕೆಳಗೆ ಕುಳಿತು ಭಾಗಗಳನ್ನು ತಯಾರಿಸಬಹುದು. ನೀರು ಇಳಿದ ಮೇಲೆ ಅವನ್ನು ಸಾಗಿಸಿ ಜೋಡಿಸಬಹುದು. ಲಾರಿ ಹೋಗದ ಕಡೆಗೆ ಹೆಗಲ ಮೇಲೆ ಹೊರಬಹುದಾದಷ್ಟು ಚಿಕ್ಕ ಭಾಗಗಳಾಗಿ ಸೇತುವೆಯನ್ನು ವಿಂಗಡಿಸಬಹುದಾದದ್ದು ಇದರ ಬಹುದೊಡ್ಡ ಅನುಕೂಲ.

ಹಗ್ಗ ಹೊರುವ ಭಾರ

ತೂಗುಸೇತುವೆಯ ರಚನೆ ನೋಡಲು ಸರಳ. ಎರಡು ದಡಗಳಲ್ಲಿ ಎರಡೆರಡು ಉಕ್ಕಿನ ಕಂಬಗಳು. ಅವುಗಳ ತಲೆಯ ಮೇಲಿನಿಂದ ಹಾದುಹೋಗುವ ಎರಡು ಉಕ್ಕಿನ ಹಗ್ಗಗಳು. ಹಗ್ಗದ ತುದಿಗಳು ಕಂಬಗಳ ಹಿಂದೆ ನೆಲದಲ್ಲಿ ಹುದುಗಿಸಿದ ಕಾಂಕ್ರೀಟಿನ ಗಟ್ಟಿಗಳಿಗೆ ಕಟ್ಟಲ್ಪಡುತ್ತವೆ, ಇವುಗಳೇ ಲಂಗರುಗಳು. ಹಗ್ಗದಿಂದ ಸಮಾನ ಅಂತರದಲ್ಲಿ ಸರಳುಗಳು ಕೆಳಕ್ಕೆ ಇಳಿದು, ಮೂರು-ನಾಲ್ಕು ಅಡಿ ಅಗಲದ ನಡೆದಾರಿಯನ್ನು ಹಿಡಿದುಕೊಂಡಿರುತ್ತವೆ. ನಡೆದಾರಿಗೆ ಮರದ ಅಥವಾ ತೆಳುವಾದ ಫೆರೊಸಿಮೆಂಟಿನ ಹಲಗೆ, ಎರಡು ಬದಿಗೂ ತಂತಿಬಲೆ. ಗಾಳಿಗೆ ಅಡ್ಡಾದಿಡ್ಡಿ ಓಲಾಡದಂತೆ ಬದಿಗಳಿಂದ ಎಳೆದು ಕಟ್ಟಿದ ತಂತಿಗಳೂ ಬೇಕಾಗುತ್ತವೆ. ಹೊಳೆಯ ನಡುವೆ ಕಂಬವಿಲ್ಲ. ಇದೇ ಇದರ ಮುಖ್ಯ ಗುಣ. ನೆರೆಯಲ್ಲಿ ತೇಲಿಬರುವ ದಿಮ್ಮಿಗಳು ಬಡಿಯಲು ನೀರಿನಲ್ಲಿ ಏನೂ ಇರುವುದಿಲ್ಲ, ಹೊಳೆಯ ತಳದಲ್ಲಿ ಅಡಿಪಾಯ ತೋಡುವ ಖರ್ಚೂ ಇಲ್ಲ.

ಲೆಕ್ಕ ಮಾತ್ರ ಅಷ್ಟು ಸರಳವಲ್ಲ. ಎರಡು ದಡಗಳ ಕಂಬಗಳ ನಡುವೆ 60 ಮೀಟರು ಅಂತರವಿದೆ ಎನ್ನೋಣ. ಸೇತುವೆಯ ಸ್ವಂತ ಭಾರ ಮತ್ತು ಅದರ ಮೇಲೆ ತುಂಬಿದ ಜನರ ಭಾರ ಸೇರಿ ಮೀಟರಿಗೆ 400 ಕಿಲೋ ಆದರೆ ಒಟ್ಟು ಭಾರ 24 ಟನ್. ಹಗ್ಗ ನಟ್ಟನಡುವೆ 6 ಮೀಟರಿನಷ್ಟು ಕೆಳಕ್ಕೆ ಜೋತಿದ್ದರೆ ಅದರಲ್ಲಿ ಉಂಟಾಗುವ ಅಡ್ಡ ಎಳೆತ 30 ಟನ್, ಅಂದರೆ ಒಂದೊಂದು ಹಗ್ಗಕ್ಕೆ 15 ಟನ್. ಸೇತುವೆ ಇನ್ನಷ್ಟು ನೆಟ್ಟಗೆ ಕಾಣಲಿ, ಕಂಬ ಗಿಡ್ಡವಾಗಲಿ ಎಂದು ಜೋತವನ್ನು 3 ಮೀಟರಿಗೆ ಇಳಿಸಿದರೆ ಅದೇ ಭಾರಕ್ಕೆ ಎಳೆತ ಇಮ್ಮಡಿಯಾಗಿ 60 ಟನ್ ತಲುಪುತ್ತದೆ. ಬಟ್ಟೆ ಒಣಹಾಕುವ ಹಗ್ಗವನ್ನು ಬಿಗಿಯಾಗಿ ಕಟ್ಟಿದಷ್ಟೂ ಬೇಗ ಹರಿಯುತ್ತದೆ ಎಂಬುದು ಪ್ರತಿ ಮನೆಯಲ್ಲಿಯೂ ಗೊತ್ತಿರುವ ಸಂಗತಿ. ಕಾರಣ ಎರಡಕ್ಕೂ ಒಂದೇ. ಈ ಎಳೆತಕ್ಕಿಂತ ಹಲವು ಪಟ್ಟು ಹೆಚ್ಚು ಬಲ ತಾಳುವ ಹಗ್ಗವನ್ನು ಆಯ್ಕೆ ಮಾಡಬೇಕು. ಅಷ್ಟೇ ಎಳೆತವನ್ನು ದಡದ ಲಂಗರು ಕೂಡ ತಡೆಯಬೇಕು. ಮಳೆಗಾಲದಲ್ಲಿ ನೆನೆದು ಮೆತ್ತಗಾಗುವ ಜಂಬಿಟ್ಟಿಗೆ ಮಣ್ಣಿನಲ್ಲಿ ಲಂಗರು ಜಾರಿದರೆ ಹಗ್ಗ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಕಸುಬುದಾರನ ಕೈ ಕಾಣುವುದು ಇನ್ನೂ ಚಿಕ್ಕ ಸಂಗತಿಗಳಲ್ಲಿ. ಉಕ್ಕಿನ ಹಗ್ಗದ ತುದಿಯನ್ನು ಮಡಚಿ ಕ್ಲಿಪ್ ಹಾಕುವಾಗ ಯು ಆಕಾರದ ಬೋಲ್ಟು ಭಾರ ಹೊರುವ ಎಳೆಯ ಮೇಲೆ ಕೂರಬಾರದು, ಮಡಚಿಬಂದ ಗಿಡ್ಡ ತುದಿಯ ಮೇಲೆ ಕೂರಬೇಕು. ಅದಲುಬದಲಾದರೆ ಬೋಲ್ಟು ಹಗ್ಗದ ತಂತಿಗಳನ್ನು ಜಜ್ಜಿ ಅದರ ಬಲವನ್ನೇ ಕುಗ್ಗಿಸುತ್ತದೆ. ಹೊಸ ಹಗ್ಗ ಮೊದಲ ಭಾರಕ್ಕೆ ಸ್ವಲ್ಪ ಹಿಗ್ಗಿ ತೆಳ್ಳಗಾಗುತ್ತದೆ. ಹಾಗಾಗಿ ಕ್ಲಿಪ್ಪುಗಳನ್ನು ಕೆಲವು ದಿನಗಳ ಬಳಿಕ ಮತ್ತೊಮ್ಮೆ ಬಿಗಿಯಲೇಬೇಕು. ನಕ್ಷೆಯಲ್ಲಿ ಇವು ಒಂದು ಗೆರೆಯಷ್ಟೇ. ಹೊಳೆಯ ಮೇಲೆ ಜನರ ಜೀವ ನಿಂತಿರುವುದು ಇವುಗಳ ಮೇಲೆ.

ಗುತ್ತಿಗೆ ಮತ್ತು ಕುಟುಂಬ

ಮೊದಲ ಸೇತುವೆ ಊರಿನ ಶ್ರಮದ ಫಲವಾದರೆ, ನೂರಾರು ಸೇತುವೆಗಳಿಗೆ ಸಾರ್ವಜನಿಕ ಹಣ ಬೇಕು. ಕಾಲವೂ ಅದಕ್ಕೆ ಅನುಕೂಲವಾಗಿತ್ತು. ಕರ್ನಾಟಕದಲ್ಲಿ 1987ರ ಚುನಾವಣೆಯೊಂದಿಗೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳು ಬಂದಿದ್ದವು. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ 1993ರಲ್ಲಿ ಆರಂಭವಾಯಿತು. ಕೆಲವು ಲಕ್ಷ ರೂಪಾಯಿಗಳಲ್ಲಿ ಮುಗಿಯುವ, ಒಂದೇ ಬೇಸಿಗೆಯಲ್ಲಿ ಕಣ್ಣಿಗೆ ಕಾಣುವ ಕಾಮಗಾರಿ ಇಂಥ ನಿಧಿಗಳಿಗೆ ಹೇಳಿ ಮಾಡಿಸಿದಂಥದು. ರಾಜಕಾರಣಿಗೂ ಊರಿನವರಿಗೂ ಅದು ಒಪ್ಪಿತವಾಯಿತು. ಅಯಸ್ ಶಿಲ್ಪದ ಕೆಲಸ ಕರ್ನಾಟಕದ ಮಲೆನಾಡಿನಿಂದ ಕೇರಳಕ್ಕೆ, ಆಂಧ್ರ–ತೆಲಂಗಾಣಕ್ಕೆ, ಒಡಿಶಾಕ್ಕೆ ಹಬ್ಬಿತು. ಕುಟುಂಬದ ಮುಂದಿನ ತಲೆಮಾರೂ ಎಂಜಿನಿಯರಿಂಗ್ ಓದಿ ಇದೇ ಉದ್ಯಮಕ್ಕೆ ಬಂದಿತು.

ಕುಟುಂಬದ ಉದ್ಯಮಕ್ಕೆ ಈ ಕೆಲಸ ಏಕೆ ಒದಗಿಬಂದಿತು ಎಂಬುದನ್ನು ಗಮನಿಸಬೇಕು. ದೊಡ್ಡ ಗುತ್ತಿಗೆದಾರ ಕಂಪನಿಯಲ್ಲಿ ನಕ್ಷೆ ಬರೆಯುವವರು ಒಬ್ಬರು, ಬಿಡಿಭಾಗ ತಯಾರಿಸುವವರು ಮತ್ತೊಬ್ಬರು, ನಿಲ್ಲಿಸುವವರು ಮೂರನೆಯವರು. ಪ್ರತಿಯೊಂದು ಕೈಬದಲಾವಣೆಗೂ ಖರ್ಚಿದೆ, ಲಾಭಾಂಶವಿದೆ. ಒಂದು ಮನೆಯ ವರ್ಕ್‌ಶಾಪಿನಲ್ಲಿ ಈ ಮೂವರೂ ಒಂದೇ ಮಾಡಿನ ಕೆಳಗಿರುತ್ತಾರೆ. ಹೊಳೆಯ ಬದಿಯಲ್ಲಿ ಬಂಡೆ ಅಡ್ಡ ಬಂದರೆ ಅಲ್ಲೇ ಅಳತೆ ಬದಲಿಸಿ ಮರುದಿನ ಹೊಸ ಭಾಗ ಕಳುಹಿಸಬಹುದು. ಕೆಲಸಗಾರರೂ ವರ್ಷಾನುಗಟ್ಟಲೆ ಜತೆಗಿರುವವರಾದ್ದರಿಂದ ಒಂದು ಸೇತುವೆಯಲ್ಲಿ ಕಲಿತದ್ದು ಮುಂದಿನದಕ್ಕೆ ಹೋಗುತ್ತದೆ. ಪುತ್ತೂರಿನ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ 2010ರ ದಶಕದಲ್ಲಿ ನಡೆದ ಕೃಷಿ ಯಂತ್ರಮೇಳಗಳನ್ನು ನೋಡಿದವರಿಗೆ ಈ ಬಗೆಯ ಕಲಿಕೆ ಹೊಸದೆನಿಸದು; ಅಲ್ಲಿ ಗಮನ ಸೆಳೆದ ಅಡಿಕೆ ಸುಲಿಯುವ, ಕೊಯ್ಯುವ, ಸಾಗಿಸುವ ಯಂತ್ರಗಳಲ್ಲಿ ಅನೇಕವು ಇಂಥದೇ ಕೈಗಳಿಂದ ಬಂದವು.

ಆದರೆ ಸರಕಾರಿ ಗುತ್ತಿಗೆಯ ವ್ಯವಸ್ಥೆ ಈ ಗುಣಗಳನ್ನು ತೂಗಿ ನೋಡುವಂತೆ ರೂಪುಗೊಂಡಿಲ್ಲ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಕರ್ನಾಟಕ ತಂದ 1999ರ ಕಾಯ್ದೆಯ ಪ್ರಕಾರ ಟೆಂಡರ್ ಸಾಮಾನ್ಯ ನಿಯಮ. ವಿನಾಯಿತಿ ಬೇಕಾದರೆ ಸರಕಾರವೇ 4(ಜಿ) ಕಲಮಿನಡಿ ಪ್ರತ್ಯೇಕ ಆದೇಶ ಹೊರಡಿಸಬೇಕು. ಭ್ರಷ್ಟಾಚಾರ ತಡೆಗೆ ಇದು ಅಗತ್ಯವೇ, ಅನುಮಾನವಿಲ್ಲ. ಆದರೆ ಚರಂಡಿಗೂ ತೂಗುಸೇತುವೆಗೂ ಒಂದೇ ಅಳತೆಗೋಲಾದಾಗ, ಕಡಿಮೆ ದರ ಬರೆದವನಿಗೆ ಹಗ್ಗದ ಕ್ಲಿಪ್ಪು ಯಾವ ಬದಿಗೆ ಕೂರಬೇಕೆಂದು ಗೊತ್ತಿದೆಯೇ ಎಂಬ ಪ್ರಶ್ನೆ ಯಾವ ಕಾಲಂನಲ್ಲಿಯೂ ಬರುವುದಿಲ್ಲ. ಮುಂಗಡ ಠೇವಣಿ, ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವಿಕೆ, ಉಕ್ಕಿನ ದರದ ಏರಿಳಿತ ಇವೆಲ್ಲವನ್ನೂ ತಡೆದುಕೊಳ್ಳಲು ಬೇಕಾದ ಬಂಡವಾಳವೂ ಮನೆತನದ ವರ್ಕ್‌ಶಾಪಿಗೆ ಸುಲಭವಲ್ಲ.

ನೆರೆ, ತುಕ್ಕು ಮತ್ತು ಮೋರ್ಬಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಮದೆನಾಡು, ಜೋಡುಪಾಲ ಭಾಗದಲ್ಲಿ ಗುಡ್ಡಗಳು ಕುಸಿದಾಗ ಪಯಸ್ವಿನಿಯಲ್ಲಿ ನೀರಿನೊಂದಿಗೆ ಕೆಸರು ಮತ್ತು ಬುಡಸಹಿತ ಕಿತ್ತ ಮರಗಳು ಇಳಿದುಬಂದವು. ಮರುವರ್ಷದ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಸುತ್ತಮುತ್ತ ಅದೇ ಬಗೆಯ ಪ್ರಳಯ. ಕಾಂಕ್ರೀಟಿನ ಸೇತುವೆಗಳೇ ಮುರಿದ ಆ ನೆರೆಯಲ್ಲಿ ರಾಜ್ಯದ ಕೆಲವು ತೂಗುಸೇತುವೆಗಳೂ ಉಳಿಯಲಿಲ್ಲ. ಹಿಂದಿನ ನೆರೆಯ ಗುರುತು ನೋಡಿ ಅದರ ಮೇಲೆ ಇಂತಿಷ್ಟು ಎತ್ತರವೆಂದು ನಡೆದಾರಿಯ ಮಟ್ಟ ನಿಗದಿಪಡಿಸುವುದು ವಾಡಿಕೆ. ಊರಿನ ಹಿರಿಯರು ಕಂಡರಿಯದ ಎತ್ತರಕ್ಕೆ ನೀರು ಬಂದರೆ, ಬೇರುಬಿಳಲಿನ ಮರವೊಂದು ನಡೆದಾರಿಗೆ ಸಿಕ್ಕಿಕೊಂಡರೆ, ಹಗ್ಗ ಹೊರಬೇಕಾದದ್ದು ಜನರ ಭಾರವನ್ನಲ್ಲ, ಇಡೀ ಹೊಳೆಯ ತಳ್ಳಾಟವನ್ನು.

ನೆರೆ ಕಣ್ಣಿಗೆ ಕಾಣುವ ಶತ್ರು. ತುಕ್ಕು ಹಾಗಲ್ಲ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಮಚ್ಛು ನದಿಯ ಹಳೆಯ ತೂಗುಸೇತುವೆ ದುರಸ್ತಿಯ ಬಳಿಕ ತೆರೆದ ನಾಲ್ಕೇ ದಿನಗಳಲ್ಲಿ ಹರಿದುಬಿದ್ದು 135 ಮಂದಿ ಸತ್ತರು. ಅದರ ಉಸ್ತುವಾರಿ ಗಡಿಯಾರ ತಯಾರಿಕೆಗೆ ಹೆಸರಾದ ಉದ್ಯಮ ಸಮೂಹವೊಂದರ ಕೈಯಲ್ಲಿತ್ತು. ವಿಶೇಷ ತನಿಖಾ ತಂಡದ ವರದಿಯ ಪ್ರಕಾರ ಒಂದು ಮುಖ್ಯ ಹಗ್ಗದ 49 ತಂತಿಗಳ ಪೈಕಿ 22 ತಂತಿಗಳು ಅವಘಡಕ್ಕೆ ಮೊದಲೇ ತುಕ್ಕು ಹಿಡಿದು ಹೋಗಿದ್ದವು. ಹಳೆಯ ತೂಗುಸರಳುಗಳಿಗೆ ಹೊಸ ಸರಳುಗಳನ್ನು ಬೆಸೆದು ಜೋಡಿಸಲಾಗಿತ್ತು, ಮರದ ಹಲಗೆಯ ಬದಲು ಅಲ್ಯೂಮಿನಿಯಂ ನಡೆದಾರಿ ಹಾಕಲಾಗಿತ್ತು. ಸುಳ್ಯದಿಂದ ಮೋರ್ಬಿ ದೂರವೇ ಇರಬಹುದು, ಆದರೆ ಉಕ್ಕಿನ ಹಗ್ಗ ಒಳಗಿನಿಂದ ಸವೆಯುವ ರೀತಿ ಎಲ್ಲ ಕಡೆಯೂ ಒಂದೇ. ಹೊರಗಿನ ಎಳೆಗಳು ಹೊಳೆಯುತ್ತಿರುವಾಗಲೇ ನಡುವಿನ ಎಳೆಗಳಲ್ಲಿ ನೀರು ನಿಂತಿರುತ್ತದೆ. ನಾಲ್ಕು ತಿಂಗಳು ಬಿಡದೆ ತೊಯ್ಯುವ ನಾಡಿನಲ್ಲಿ ಇದಕ್ಕೆ ಹೆಚ್ಚು ಕಾಲ ಬೇಕಾಗದು.

ಇಲ್ಲಿ ಒಂದು ವೈಪರೀತ್ಯವಿದೆ. ಪುತ್ತೂರಿನ ಮನೆಯೊಂದರ ವಯರಿಂಗ್ ಮಾಡಲು ಗುತ್ತಿಗೆದಾರನಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ ಕಾಲದಿಂದಲೂ ವಿದ್ಯುತ್ ಸ್ಥಾವರಗಳಿಗೆ ನಿಯತ ತಪಾಸಣೆಯ ವಿಧಿಯಿದೆ. ಲಿಫ್ಟುಗಳಿಗೆ ಕರ್ನಾಟಕದಲ್ಲಿ 1974ರಷ್ಟು ಹಿಂದೆಯೇ ಪ್ರತ್ಯೇಕ ಕಾಯ್ದೆ ಬಂದಿತು. ಆರು ಮಂದಿಯನ್ನು ಹೊತ್ತು ಮೂರನೇ ಮಹಡಿಗೆ ಏರುವ ಹಗ್ಗವನ್ನು ಇನ್‌ಸ್ಪೆಕ್ಟರರು ಬಂದು ನೋಡುತ್ತಾರೆ. ಶಾಲೆ ಬಿಡುವ ಹೊತ್ತಿಗೆ ಐವತ್ತು ಮಕ್ಕಳನ್ನು ಹೊಳೆಯ ಮೇಲೆ ಹೊರುವ ಹಗ್ಗಕ್ಕೆ ಅಂಥ ಕಟ್ಟುನಿಟ್ಟಿನ ಪದ್ಧತಿ ರೂಢಿಗೆ ಬಂದಿಲ್ಲ. ಕಾಮಗಾರಿ ಮುಗಿದು ಕೊನೆಯ ಬಿಲ್ಲು ಪಾವತಿಯಾದ ಮೇಲೆ ಸೇತುವೆ ಪಂಚಾಯತಿಯದು. ಪಂಚಾಯತಿಯಲ್ಲಿ ಹಗ್ಗದ ಮರ್ಮ ಬಲ್ಲವರಿಲ್ಲ, ಬಲ್ಲ ವರ್ಕ್‌ಶಾಪಿಗೆ ಅಧಿಕಾರವಿಲ್ಲ. ಕಟ್ಟಿದವರ ಕುಟುಂಬ ಕಸುಬಿನಲ್ಲಿ ಇರುವವರೆಗೆ ಒಂದು ಫೋನ್ ಕರೆಗೆ ಬಂದು ನೋಡುವವರಾದರೂ ಇರುತ್ತಾರೆ. ಅದು ಸದ್ಭಾವನೆಯ ಮಾತು, ವ್ಯವಸ್ಥೆಯಲ್ಲ.

ಇತ್ತ ಬೇಡಿಕೆಯ ಸ್ವರೂಪವೂ ಬದಲಾಗಿದೆ. 1989ರಲ್ಲಿ ಹೊಳೆ ದಾಟುವುದೇ ದೊಡ್ಡದಾಗಿತ್ತು. ಈಗ ಆಚೆ ದಡದ ಮನೆಯಲ್ಲಿಯೂ ಜೀಪೋ ಕಾರೋ ಇದೆ; ಅಡಿಕೆ ಮೂಟೆ ಪಿಕಪ್ಪಿನಲ್ಲಿ ಹೋಗಬೇಕು, ಹೆರಿಗೆಗೆ ಆಂಬುಲೆನ್ಸ್ ಅಂಗಳಕ್ಕೆ ಬರಬೇಕು. ಮೂರಡಿ ಅಗಲದ ನಡೆದಾರಿ ಅದಕ್ಕೆ ಸಾಲದು. ಕಿಂಡಿ ಅಣೆಕಟ್ಟಿನ ಮೇಲೆಯೇ ರಸ್ತೆ ಹಾಯಿಸುವ ಸೇತುವೆಗಳು ಈಗ ಊರೂರಿಗೂ ಬೇಕಾಗಿವೆ. ಅಂಥ ಸೇತುವೆ ಬಂದ ಕಡೆ ತೂಗುಸೇತುವೆಯ ಕೆಲಸ ಮುಗಿಯಿತು. ಬಾರದ ಕಡೆ ಹಳೆಯ ಹಗ್ಗವೇ ಗತಿ.

ಆ ಹಗ್ಗಕ್ಕೆ ಬೇಕಾದ ಆರೈಕೆ ದೊಡ್ಡದಲ್ಲ. ವರ್ಷಕ್ಕೊಮ್ಮೆ ಲಂಗರಿನ ಬಾಯಿಯ ಕಸ ತೆಗೆದು ತುಕ್ಕು ನೋಡಬೇಕು, ಕ್ಲಿಪ್ಪುಗಳನ್ನು ಬಿಗಿಯಬೇಕು, ಹಗ್ಗಕ್ಕೆ ಗ್ರೀಸು ಉಣಿಸಬೇಕು, ಸಡಿಲವಾದ ತೂಗುಸರಳುಗಳನ್ನು ಸಮಮಾಡಬೇಕು, ಕೊಳೆತ ಹಲಗೆ ಬದಲಿಸಬೇಕು, ಕಂಬಕ್ಕೆ ಬಣ್ಣ ಬಳಿಯಬೇಕು. ನಾಲ್ಕು ಜನರಿಗೆ ಕೆಲವು ದಿನಗಳ ಕೆಲಸ. ಇದು ಮೇ ಕೊನೆಯೊಳಗೆ ಮುಗಿಯಬೇಕು. ಜೂನ್‌ನಲ್ಲಿ ನೀರು ಏರಿತೆಂದರೆ ಮತ್ತೆ ಹೊಳೆಗೆ ಇಳಿಯಲು ಡಿಸೆಂಬರಿನವರೆಗೆ ಕಾಯಬೇಕು.